ಸೂರು ಕೇಳಿದ್ದು ನನ್ನ ತಪ್ಪು

ಜಿಲ್ಲೆಯ ಮಹಿಳೆಯರ ಮತ್ತು ಮಕ್ಕಳ ಹೊಣೆ ಹೊತ್ತ ಅಧಿಕಾರಿಗಳಿಗೆ

ಮಾನ್ಯರೇ,

ರಾತ್ರಿ ಎರಡು ಗಂಟೆ ಇಪ್ಪತ್ತು ನಿಮಿಷ. ಪೊರಕೆಯ ಸದ್ದಿಗೆ ಎಚ್ಚರವಾಯಿತು. ನಮ್ಮ ಹಟ್ಟಿಯ ನಲ್ಲಿಯಲ್ಲಿ ನೀರು ಬರುವುದೇ ಈ ಹೊತ್ತಿಗೆ. ಬಿಂದಿಗೆ, ಬಕೆಟ್ಟಿನ ಸದ್ದಿಗೆಲ್ಲ ಇಲ್ಲಿ ಯಾರೂ ಏಳುವುದಿಲ್ಲ. ಆದರೆ ಇದು ನಮ್ಮ ಅಂಗಳದ ಸದ್ದಲ್ಲ. ಹಟ್ಟಿಯ ಕೊನೆಯ ಮನೆ ನಮ್ಮದು. ಅದನ್ನು ದಾಟಿ, ಜಾಲಿ ಗಿಡಗಳನ್ನು ದಾಟಿ ಇನ್ನೂರು ಹೆಜ್ಜೆ ಹೋದರೆ ತಾವು ಕಟ್ಟಿಸಿಕೊಟ್ಟ ಕಟ್ಟಡ ಸಿಗುತ್ತದೆ. ಅದರ ಟೈಲ್ಸ್ ನೆಲದ ಮೇಲೆ ಕಡ್ಡಿಪೊರಕೆ ಉಜ್ಜುವ ಸದ್ದು. ನನ್ನ ಅತ್ತೆ ಕಾಳಕ್ಕ ಅಲ್ಲಿ ನೆಲ ತೊಳೆಯುತ್ತಿದ್ದಾರೆ. ಬೆಳಗಾದರೆ ಅವರ ಮೊಮ್ಮಗ ಅಲ್ಲಿಗೆ ಬರುತ್ತಾನೆ.

ದೂರು ಏನೆಂದು ಮೊದಲೇ ಹೇಳಿಬಿಡುತ್ತೇನೆ. ನನ್ನ ಮೈದುನ ಮಾರುತೇಶನ ಹೆಂಡತಿ ಚೈತ್ರಾ ಹದಿನೆಂಟು ದಿನದ ಬಾಣಂತಿ. ತಿಂಗಳು ತುಂಬುವ ಮೊದಲೇ ಹುಟ್ಟಿದ ಗಂಡು ಮಗು. ತೂಕ ಒಂದು ಕಿಲೋ ಏಳುನೂರು ಗ್ರಾಂ. ಇವತ್ತು ಬೆಳಿಗ್ಗೆ ದುರ್ಗದ ಜಿಲ್ಲಾ ಆಸ್ಪತ್ರೆಯಿಂದ ಅವರನ್ನು ಕಳಿಸುತ್ತಾರೆ. ಅವರು ಮನೆಗೆ ಬರುವುದಿಲ್ಲ. ಹಟ್ಟಿಯ ಆಚಾರದಂತೆ, ಸೂತಕ ಕಳೆಯುವವರೆಗೆ, ಎರಡು ತಿಂಗಳು ತಾಯಿ ಮಗು ಇಬ್ಬರೂ ಆ ಕಟ್ಟಡದಲ್ಲಿ ಇರಬೇಕು. ಅಷ್ಟು ದಿನ ಅವಳನ್ನಾಗಲಿ ಮಗುವನ್ನಾಗಲಿ ಯಾರೂ ಮುಟ್ಟುವಂತಿಲ್ಲ. ಊಟವನ್ನು ಮೆಟ್ಟಿಲ ಮೇಲಿಟ್ಟು ಹಿಂದೆ ಸರಿಯಬೇಕು. ಇದನ್ನು ತಡೆಯಿರಿ. ತಡೆಯಲು ತಮಗೆ ಒಂದು ಫೋನು ಸಾಕು. ಯಾಕೆ ಸಾಕು ಎನ್ನುವುದನ್ನು ಮುಂದೆ ಹೇಳುತ್ತೇನೆ.

ಇಷ್ಟು ಸಣ್ಣ ಮಗುವಿಗೆ ಏನು ಬೇಕು ಎಂದು ಆಸ್ಪತ್ರೆಯ ನರ್ಸ್ ನಮ್ಮನ್ನೆಲ್ಲ ಎದುರಿಗೆ ಕೂರಿಸಿಕೊಂಡು ಹೇಳಿಕೊಟ್ಟಿದ್ದಾರೆ. ಔಷಧಿ ಅಲ್ಲ, ಯಂತ್ರವೂ ಅಲ್ಲ, ಎದೆ. ಬರಿ ಮೈಗೆ ಬರಿ ಮೈ ತಾಗಿಸಿ, ಮೇಲೆ ಬಟ್ಟೆ ಕಟ್ಟಿಕೊಂಡು, ಹಗಲೂ ರಾತ್ರಿಯೂ ಅವುಚಿಕೊಂಡಿರಬೇಕು. ಕೆಳಗೆ ಬಿಟ್ಟರೆ ಮೈ ತಣ್ಣಗಾಗುತ್ತದೆ. "ಒಬ್ಬಳ ಕೈಲಿ ಆಗಾಕಿಲ್ಲಮ್ಮ, ಅವಳ ಹೊಟ್ಟೆ ಹೊಲಿಗೆ ಇನ್ನೂ ಹಸಿ ಐತೆ. ಅಪ್ಪ, ಅಜ್ಜಿ, ದೊಡ್ಡಮ್ಮ, ಯಾರಾರ ಸರೀನೆ, ಸರದಿ ಮಾಡ್ಕಳ್ರಿ" ಎಂದರು. ಮಾರುತೇಶ ಅಂಗಿ ಬಿಚ್ಚಿ, ನಾಚಿ ಕೆಂಪಾಗಿ, ಆಸ್ಪತ್ರೆಯ ಕುರ್ಚಿಯಲ್ಲಿ ಮಗನನ್ನು ಎದೆಗೆ ಕಟ್ಟಿಸಿಕೊಂಡು ಕೂತ. ಎರಡು ಗಂಟೆ ಅಲುಗಾಡಲಿಲ್ಲ. "ಅತ್ಗೆ, ಉಸ್ರಾಡೋದು ಗೊತ್ತಾಗ್ತೈತೆ, ಕೋಳಿಮರಿ ಇದ್ದಂಗೈತೆ" ಎಂದು ಪಿಸುಗುಟ್ಟಿದ. ಅದೇ ಮಾರುತೇಶ ಇವತ್ತು ಆ ಮಗನನ್ನು ಆಟೋದಲ್ಲಿ ತಂದು ಮೆಟ್ಟಿಲ ಮೇಲೆ ಬಿಟ್ಟು ಹಿಂದೆ ಸರಿಯುತ್ತಾನೆ. ಆಸ್ಪತ್ರೆಯಲ್ಲಿ ಮುಟ್ಟಬಹುದು, ಅದು ಪರಸ್ಥಳ. ಹಟ್ಟಿಯ ಗಡಿಯೊಳಗೆ ಮುಟ್ಟಿದರೆ ದೇವರಿಗೆ ಮೈಲಿಗೆ. ಹೋದ ವರ್ಷ ಅವನ ಹನ್ನೊಂದು ಕುರಿ ರೋಗ ಬಂದು ಸತ್ತವು. ಆ ಭಯ ಅವನ ಬೆನ್ನು ಬಿಟ್ಟಿಲ್ಲ. ಚೈತ್ರಾಳ ತವರಿಗೆ ಕಳಿಸೋಣವೆಂದರೆ, ಹೊಸದುರ್ಗದ ಕಡೆಯ ಆ ಹಟ್ಟಿಯಲ್ಲಿ ಬಾಣಂತಿಯರನ್ನು ಇಡಲು ಇನ್ನೂ ಸೋಗೆಯ ಗುಡಿಸಲೇ, ನಮ್ಮವರು ಹೇಳುವ ಗುಡ್ಲೇ ಇದೆ.

ಆ ಗುಡ್ಲು ಎಂದರೇನು ಎಂದು ತಮಗೆ ವರದಿಗಳಿಂದ ಗೊತ್ತಿರಬಹುದು. ನನಗೆ ಮೊಣಕಾಲಿನಿಂದ ಗೊತ್ತು. ಅದರೊಳಗೆ ತೆವಳಿಕೊಂಡೇ ಹೋಗಬೇಕು.

ನಾಲ್ಕೂವರೆ ವರ್ಷದ ಹಿಂದೆ ನನ್ನ ಚೊಚ್ಚಲು ಮಗುವಿನ ಜೊತೆ ನಾನು ಅದರಲ್ಲಿದ್ದೆ. ಹಿರಿಯೂರಿನ ಕಾಲೇಜಿನಲ್ಲಿ ಬಿ.ಎ. ಮುಗಿಸಿದವಳು ನಾನು. ಮೂಲಭೂತ ಹಕ್ಕುಗಳ ಬಗ್ಗೆ ಕೇಳಿದ್ದ ಹತ್ತು ಅಂಕದ ಪ್ರಶ್ನೆಗೆ ಒಂಬತ್ತು ಅಂಕ ಪಡೆದವಳು. ಘನತೆಯಿಂದ ಬದುಕುವ ಹಕ್ಕು ಎಂದು ನೀಟಾಗಿ ಅಡಿಗೆರೆ ಎಳೆದು ಬರೆದಿದ್ದೆ. ಆ ಉತ್ತರವನ್ನು ಗುಡ್ಲಿನೊಳಗೆ ಯಾರಿಗೆ ಹೇಳಲಿ? ಒಂಬತ್ತನೇ ದಿನ ಮಳೆ ಹಿಡಿಯಿತು. ಸೋಗೆಯ ಸಂದಿನಿಂದ ನೀರು ಹಗ್ಗದಂತೆ ಇಳಿಯಿತು. ನಾನು ಮಗುವಿನ ಮೇಲೆ ಬಾಗಿ, ನನ್ನ ಬೆನ್ನನ್ನೇ ಸೂರು ಮಾಡಿಕೊಂಡೆ. ಹೊರಗೆ ಹತ್ತು ಹೆಜ್ಜೆ ದೂರದಲ್ಲಿ, ಗೋಣಿಚೀಲವನ್ನು ತಲೆಯ ಮೇಲೆ ಮಡಚಿ ಹೊದ್ದುಕೊಂಡು, ನನ್ನ ಅತ್ತೆ ಕೂತಿದ್ದರು. ಅವರು ಮನೆಗೆ ಹೋಗಲಿಲ್ಲ ಎನ್ನುವುದನ್ನು ತಾವು ದಯವಿಟ್ಟು ಗಮನಿಸಬೇಕು. ಇಡೀ ರಾತ್ರಿ ಆ ಮಳೆಯಲ್ಲೇ ಕೂತಿದ್ದರು.

"ಅಳು ನಿಲ್ತಲ್ಲೇ ಶಾಂತಿ. ಮಲಗ್ತಾ?"

"ಗೊತ್ತಿಲ್ಲತ್ತೆ. ಮೈ ತಣ್ಣಗೈತೆ."

"ಮೂಗಿನ ಹತ್ರ ಬೆರಳಿಟ್ಟು ನೋಡು. ಉಸ್ರು ಐತಾ?"

"ಐತೆ... ಗೊತ್ತಾಗ್ತಿಲ್ಲ. ನೀವೇ ಬಂದ್ ನೋಡ್ರತ್ತೆ. ನಿಮ್ ಕಾಲಿಗ್ ಬೀಳ್ತೀನಿ, ಬರ್ರಿ."

ಅವರು ಎದ್ದರು. ಮಿಂಚಿನ ಬೆಳಕಿನಲ್ಲಿ ಅವರ ಕಾಲು ಕಾಣಿಸಿತು. ಒಂದು ಹೆಜ್ಜೆ, ಎರಡು, ಮೂರು. ಅಲ್ಲಿಗೆ ನಿಂತರು. "ನಾನು ಮುಟ್ಟಿದ್ರೆ ಮಗೀಗೇ ಕೆಡುಕು ಕಣವ್ವ, ಮಗೀಗೇ ಕೆಡುಕು" ಎಂದು ಎದೆ ಬಡಿದುಕೊಂಡು ಅತ್ತರು.

ಉಳಿದ ಏಳು ಹೆಜ್ಜೆಗಳನ್ನು ಅವರು ಇವತ್ತಿನವರೆಗೂ ನಡೆದಿಲ್ಲ. ನಾನು ಮಾತ್ರ ಪ್ರತಿ ರಾತ್ರಿ ಅವುಗಳನ್ನು ಎಣಿಸುತ್ತೇನೆ. ಕಣ್ಣು ಮುಚ್ಚಿದರೆ ನಾಲ್ಕನೆಯ ಹೆಜ್ಜೆಗೆ ಕಾಯುತ್ತೇನೆ. ಈಗ ನನ್ನ ಪಕ್ಕದಲ್ಲಿ ಏಳು ತಿಂಗಳ ಮಗಳು ಮಲಗಿದ್ದಾಳೆ. ಗಂಟೆಗೊಂದು ಸಲ ಅವಳ ಮೂಗಿನ ಬಳಿ ಬೆರಳಿಡುತ್ತೇನೆ. ಡಾಕ್ಟರು ಇದಕ್ಕೂ ಏನೋ ಹೆಸರು ಹೇಳಿ ಮಾತ್ರೆ ಬರೆದುಕೊಟ್ಟಿದ್ದಾರೆ. ಮಾತ್ರೆ ತಿಂದರೆ ನಿದ್ದೆ ಬರುತ್ತದೆ. ಅದಕ್ಕೇ ತಿನ್ನುವುದಿಲ್ಲ.

ಸರ್ಕಾರದ ದಾಖಲೆಯಲ್ಲಿ ನನ್ನ ಮಗ ಇದ್ದಾನೆ. ನಾಮಕರಣ ಆಗಿರಲಿಲ್ಲವಾದ್ದರಿಂದ ಹೆಸರಿನ ಜಾಗದಲ್ಲಿ 'ಶಾಂತಿಯ ಗಂಡು ಮಗು' ಎಂದಿದೆ. ಮರಣದ ಕಾರಣ, ನ್ಯುಮೋನಿಯಾ. ಸರಿಯಾಗಿಯೇ ಇದೆ. ಗುಡ್ಲು, ಮಳೆ, ಹತ್ತು ಹೆಜ್ಜೆ, ಇವನ್ನೆಲ್ಲ ತುಂಬಲು ಆ ನಮೂನೆಯಲ್ಲಿ ಜಾಗ ಎಲ್ಲಿದೆ? ಹೀಗೆ ಹೊಸದುರ್ಗ, ಹೊಳಲ್ಕೆರೆ, ಹಿರಿಯೂರಿನ ಹಟ್ಟಿಗಳಲ್ಲಿ ಎಷ್ಟು ಕೂಸುಗಳು ನ್ಯುಮೋನಿಯಾ, ಜ್ವರ, ಹಾವು, ತೂಕ ಸಾಲದ್ದು ಎಂಬ ಹೆಸರಿನಲ್ಲಿ ಸತ್ತವೋ ನನಗೆ ಗೊತ್ತಿಲ್ಲ. ತಮಗೂ ಗೊತ್ತಿಲ್ಲ. ಯಾರೂ ಹೊಡೆಯಲಿಲ್ಲ, ಬೈಯಲಿಲ್ಲ, ಉಪವಾಸ ಕೆಡವಲಿಲ್ಲ. ಎಲ್ಲರೂ ದೂರ ನಿಂತರು, ಅಷ್ಟೇ. ದೂರ ನಿಲ್ಲುವುದು ಯಾವ ಕಾನೂನಿನಲ್ಲಿ ಅಪರಾಧ?

ಈಗ ನನ್ನ ತಪ್ಪಿನ ಸಂಗತಿ. ಮಗ ಸತ್ತು ವರ್ಷ ತುಂಬುವುದರೊಳಗೆ ತಮ್ಮ ಕಚೇರಿಗೆ ಒಂದು ಅರ್ಜಿ ಬರೆದೆ. ನಮ್ಮ ಆಶಾ ಕಾರ್ಯಕರ್ತೆ ಪಕ್ಕದಲ್ಲಿ ಕೂತಿದ್ದರು. "ಗುಡ್ಲೇ ಬ್ಯಾಡ, ಬಾಣಂತೀನ ಮನೇಲಿ ಇಟ್ಕಳಂಗೆ ಮಾಡ್ರಿ ಅಂತ ಬರೀಯೇ" ಎಂದರು. ನಾನು ದೊಡ್ಡ ಬುದ್ಧಿವಂತೆ. "ಅಷ್ಟೊಂದು ಕೇಳಿದ್ರೆ ಏನೂ ಕೊಡಲ್ಲ ಅಕ್ಕ. ಸಣ್ಣದಾಗಿ ಕೇಳಾಣ" ಎಂದೆ. ಸೂರು, ಬಾಗಿಲು, ದೀಪ ಎಂದು ಬರೆದೆ. ನೆನೆದ ಬೆನ್ನು ಸೂರನ್ನೇ ಕೇಳುತ್ತದೆ, ಮಾನ್ಯರೇ. ಆವತ್ತು ನನಗೆ ಬೇರೇನೂ ಹೊಳೆಯಲಿಲ್ಲ.

ತಾವು ಕೊಟ್ಟಿರಿ. ತಾರಸಿ, ಕಬ್ಬಿಣದ ಬಾಗಿಲು, ಎರಡು ಕಿಟಕಿ, ಶೌಚಾಲಯ, 'ತಾಯಿ ಮಗುವಿನ ವಿಶ್ರಾಂತಿ ಗೃಹ' ಎಂಬ ಫಲಕ. ಉದ್ಘಾಟನೆಯ ದಿನ ಅರ್ಜಿದಾರಳೆಂದು ನನ್ನನ್ನೇ ಮುಂದೆ ಕರೆದು ಕೈಗೆ ಕತ್ತರಿ ಕೊಟ್ಟಿರಿ. ರಿಬ್ಬನ್ ಕತ್ತರಿಸಿದೆ. ನಮ್ಮ ದೇವಸ್ಥಾನದ ಪೂಜಾರಿ ತಿಪ್ಪೇರುದ್ರಪ್ಪ ಮೆಟ್ಟಿಲವರೆಗೆ ಬಂದು, ಕಾಯಿ ಒಡೆದು, ಒಳಗೆ ಕಾಲಿಡದೆ ಹಿಂದಿರುಗಿದ್ದನ್ನು ತಾವು ನೋಡಲಿಲ್ಲವೇ? ನೋಡಿ, ವಿನಯ ಎಂದುಕೊಂಡಿರಾ? ಆಮೇಲೆ ಬೀಗದ ಕೈಯನ್ನು ತಾವೇ ಅವರ ಕೈಗೆ ಕೊಟ್ಟು, ಪುಸ್ತಕದಲ್ಲಿ ಸಹಿ ಹಾಕಿಸಿಕೊಂಡಿರಿ. ನನ್ನ ಕಡೆ ತಿರುಗಿ ತುಂಬ ಕರುಣೆಯಿಂದ ಕೇಳಿದಿರಿ: "ಇನ್ನೇನು ಬೇಕಮ್ಮ?"

ಆ ಪ್ರಶ್ನೆಗೆ ನಾನು ಕೊಟ್ಟ ಉತ್ತರ ಇದು: "ಒಂದು ಫ್ಯಾನ್ ಇದ್ರೆ ಒಳ್ಳೇದು ಸಾರ್."

ಎಲ್ಲರೂ ಚಪ್ಪಾಳೆ ತಟ್ಟಿದರು. ಮುಂದಿನ ವಾರವೇ ಫ್ಯಾನ್ ಬಂತು. ಸರ್ಕಾರ ಅಷ್ಟು ಬೇಗ ಮಾತು ಉಳಿಸಿಕೊಂಡದ್ದನ್ನು ನನ್ನ ಜೀವಮಾನದಲ್ಲಿ ನಾನು ಮತ್ತೆ ನೋಡಿಲ್ಲ.

ಆ ಕಟ್ಟಡ ಏನು ಮಾಡಿತು, ಗೊತ್ತೇ? ಅದು ಬರುವ ಮೊದಲು ಆಚಾರ ತಾನಾಗಿಯೇ ಸಡಿಲವಾಗುತ್ತಿತ್ತು. ಗುಡ್ಲಿನಲ್ಲಿ ಇರಲು ಸಾಧ್ಯವಿಲ್ಲ ಎಂಬುದೇ ಹೆಂಗಸರ ಪಾಲಿನ ನೆಪವಾಗಿತ್ತು. ನಮ್ಮ ಹಟ್ಟಿಯ ದುರ್ಗೇಶನ ಹೆಂಡತಿ ಹೊರಕೆರೆದೇವಪುರದ ಅಕ್ಕನ ಮನೆಯಲ್ಲಿ ಮೂರು ತಿಂಗಳು ಉಳಿದಳು. ಇನ್ನೊಬ್ಬಳು ಹೊಲಿಗೆ ಮಾಗಿಲ್ಲವೆಂದು ಆಸ್ಪತ್ರೆಯ ಚೀಟಿ ತೋರಿಸುತ್ತ ಹಿರಿಯೂರಿನಲ್ಲೇ ದಿನ ತಳ್ಳಿದಳು. ಪೂಜಾರಿಗೂ ಗೊತ್ತಿತ್ತು, ಕಂಡೂ ಕಾಣದಂತೆ ಇದ್ದರು. ಈಗ ನೆಪವೇ ಇಲ್ಲ. ಟೈಲ್ಸ್ ಇದೆ, ಫ್ಯಾನ್ ಇದೆ, ಸರ್ಕಾರದ ಮುದ್ರೆಯಿದೆ. ಕಾಲೇಜಿಗೆ ಹೋಗುವ ಹುಡುಗಿಯರನ್ನೂ ತಿಂಗಳಿಗೆ ಮೂರು ದಿನ ಅಲ್ಲಿಗೇ ಅಟ್ಟುತ್ತಾರೆ. ಇನ್ನೊಂದು ನಾಚಿಕೆಯನ್ನೂ ಹೇಳಿಬಿಡುತ್ತೇನೆ. ಮಗಳು ಹುಟ್ಟಿದಾಗ ನಾನು ರಾಮಗಿರಿಯ ತವರಿಗೆ ಓಡಿಹೋದೆ. ಅಲ್ಲಿ ರೈಲ್ವೆ ಸ್ಟೇಷನ್ ಹತ್ತಿರ ನಮ್ಮಪ್ಪ ಟೀ ಅಂಗಡಿ ಇಟ್ಟಿದ್ದಾರೆ, ಕೇಳುವ ಪೂಜಾರಿ ಇಲ್ಲ. ನಾನು ಕಟ್ಟಿಸಿದ ಕಟ್ಟಡದಲ್ಲಿ ನಾನೇ ಒಂದು ರಾತ್ರಿಯೂ ಮಲಗಲಿಲ್ಲ.

ಹೋದ ಸೋಮವಾರ ಮಗಳನ್ನು ಎತ್ತಿಕೊಂಡು ತಮ್ಮ ಕಚೇರಿಗೆ ಬಂದಿದ್ದೆ. ತಾವು ಸಭೆಯಲ್ಲಿದ್ದಿರಿ. ಒಬ್ಬ ಗುಮಾಸ್ತರು ಕೂರಿಸಿ, ಮಗುವಿಗೆ ಬಿಸ್ಕತ್ತು ಕೊಟ್ಟು, ದೂರಿನ ನಮೂನೆ ತೆಗೆದರು. ಒಳ್ಳೆಯ ಮನುಷ್ಯ.

"ಕಟ್ಟಡ ಸೋರ್ತೈತೇನಮ್ಮ?"

"ಇಲ್ಲ ಸಾರ್."

"ನೀರು, ಕರೆಂಟು?"

"ಅವೆ."

"ಬಾಗ್ಲು ಕಿಟಕಿ ಮುರಿದಾವಾ?"

"ಎಲ್ಲಾ ಗಟ್ಟಿ ಅವೆ. ಅಲ್ಲಿ ಬಾಣಂತೀನ ಇಡೋದೇ ತಪ್ಪು ಸಾರ್, ಅದೇ ದೂರು."

ಅವರು ಪೆನ್ನು ಕೆಳಗಿಟ್ಟರು. "ಅದನ್ನ ಯಾವ ಕಾಲಮ್ಮಿಗೆ ಹಾಕ್ಲಿ, ನೀವೇ ಹೇಳ್ರಿ. ಆಚಾರ ವಿಚಾರ ಸೂಕ್ಷ್ಮ ಕಣಮ್ಮ. ಫ್ಯಾನ್ ರಿಪೇರಿ ಅಂತ ಬರ್ಕಳಣ್ವಾ? ಯಾರಾರ ಬಂದು ನೋಡಾರ ನೋಡ್ತಾರೆ."

ಅವರನ್ನು ನಾನು ದೂರುತ್ತಿಲ್ಲ. ಅವರ ಮುಂದಿದ್ದ ಕಾಗದದಲ್ಲಿ ನಿಜಕ್ಕೂ ಜಾಗ ಇರಲಿಲ್ಲ. ಹೀಗಾಗಿಯೇ ಈ ಸಲ ಸೂರು, ಬಾಗಿಲು, ದೀಪ ಯಾವುದನ್ನೂ ಕೇಳದೆ, ಆ ಜಾಗವನ್ನೇ ಕೇಳುತ್ತಿದ್ದೇನೆ. ದೇವರ ಹೆಸರಿನಲ್ಲಿ ಬಾಣಂತಿಯನ್ನು, ಮುಟ್ಟಾದವಳನ್ನು, ಹಸುಗೂಸನ್ನು ಮನುಷ್ಯರ ಕೈಯಿಂದ ದೂರ ಇಡುವುದು ಹಿಂಸೆ. ಅದು ಸೌಲಭ್ಯದ ಕೊರತೆ ಅಲ್ಲ. ಹಿಂದುಳಿದವರ ಮುಗ್ಧ ನಂಬಿಕೆ ಎಂದು ನಕ್ಕು ಬಿಡುವಂಥದ್ದೂ ಅಲ್ಲ. ಬಾಗಿಲಿಗೆ ಟೈಲ್ಸ್ ಮೆಟ್ಟಿಲು ಹಾಕಿದ ಮಾತ್ರಕ್ಕೆ ಅದು ವಿಶ್ರಾಂತಿ ಆಗುವುದಿಲ್ಲ. ಪೊಲೀಸ್ ಠಾಣೆಯಲ್ಲಿ ಒಬ್ಬ ಮನುಷ್ಯನನ್ನು ಎರಡು ತಿಂಗಳು ಒಂಟಿಯಾಗಿ ಕೂಡಿಟ್ಟು, ಊಟವನ್ನು ಹೊಸ್ತಿಲಲ್ಲಿ ತಳ್ಳಿದರೆ ತಾವೆಲ್ಲ ಅದನ್ನು ಮಾನವ ಹಕ್ಕುಗಳ ಉಲ್ಲಂಘನೆ ಎನ್ನುತ್ತೀರಿ, ತನಿಖೆ ಮಾಡಿಸುತ್ತೀರಿ. ಹೆತ್ತವಳನ್ನು ಕೂಡಿಟ್ಟರೆ ರಿಬ್ಬನ್ ಕಟ್ಟುತ್ತೀರಿ. ಅಮಾನವೀಯ ಆಚರಣೆಗಳನ್ನು ತಡೆಯುವ ಕಾನೂನು ರಾಜ್ಯದಲ್ಲಿ ಇದೆ ಎಂದು ಓದಿ ಬಲ್ಲೆ. ಕಾನೂನು ಬೆಂಗಳೂರಿನ ಪುಸ್ತಕದಲ್ಲಿದ್ದು, ಬೀಗದ ಕೈ ಹಟ್ಟಿಯ ಪೂಜಾರಿಯ ಉಡಿದಾರದಲ್ಲಿದ್ದರೆ ನಮ್ಮ ಚೈತ್ರಾಳಿಗೆ ಏನು ಸಿಕ್ಕಂತಾಯಿತು?

ನಿನ್ನೆ ಸಂಜೆ ದೇವಸ್ಥಾನದ ಕಟ್ಟೆಯ ಮುಂದೆ ನಿಂತು, ಹಟ್ಟಿಯ ವರಸೆಯಲ್ಲಿ ಮಾವನಾಗುವ ಪೂಜಾರಿಯನ್ನು ನಾನೇ ಕೇಳಿದೆ. ಹೆಂಗಸು ಅಲ್ಲಿ ನಿಂತು ಮಾತಾಡುವುದೇ ಹೊಸದು.

"ಮಾವ, ಮಗ ಎರಡು ಕೇಜೀನೂ ಇಲ್ಲ. ನಾಲ್ಕು ಜನ ಸರದಿ ಮೇಲೆ ಎದೆಗ್ ಅವುಚ್ಕಬೇಕು ಅಂದವ್ರೆ."

ತಿಪ್ಪೇರುದ್ರಪ್ಪ ಎಲೆಗೆ ಸುಣ್ಣ ಹಚ್ಚುತ್ತ ಹೇಳಿದರು, "ಅವರವ್ವ ಅವುಚ್ಕಳ್ಲಿ. ಬ್ಯಾಡ ಅಂದೋರ್ಯಾರು?"

"ಅವಳೊಬ್ಬಳ ಕೈಲಿ ಆಗಲ್ಲ ಮಾವ, ಹೊಟ್ಟೆ ಕುಯ್ದವ್ರೆ."

"ಏನವ್ವ ಶಾಂತಿ, ಕಾಗ್ದ ಬರ್ದು ಕಟ್ಸಿದೋಳು ನೀನು, ಕತ್ರಿ ಹಿಡ್ದೋಳು ನೀನು. ಫ್ಯಾನ್ ಬೇರೆ ಹಾಕ್ಸಿದೀಯ. ಈಗ ಬ್ಯಾಡ ಅಂತೀಯಲ್ಲ, ಇನ್ನೇನು ಎ.ಸಿ. ಬೇಕಾ?"

ಕಟ್ಟೆಯ ಮೇಲೆ ಕೂತವರೆಲ್ಲ ನಕ್ಕರು. ನನ್ನ ಗಂಡನೂ ತಲೆ ಬಗ್ಗಿಸಿಕೊಂಡು ನಕ್ಕ. ನಾನು ಕದಲಲಿಲ್ಲ. ನಗು ಅಡಗಿತು. ನಮ್ಮ ಹಿರೀಕರಲ್ಲಿ ಒಬ್ಬರಾದ ದಾಸಣ್ಣ ಅನುಮಾನದಿಂದ ಕೇಳಿದರು, "ಅಲ್ಲ ರುದ್ರಪ್ಪ, ಕೂಸು ಹಂಗೈತೆ ಅಂತಾಳೆ. ಒಂದು ಸಾರಿ ಮನೇಲಿ ಇಟ್ಕಂಡ್ರೆ?"

ಪೂಜಾರಿ ಸುಣ್ಣ ಹಚ್ಚಿದ ಎಲೆಯನ್ನು ಕೆಳಗಿಟ್ಟರು. ಅವರ ಮುಖದಲ್ಲಿ ಆಗ ಕಂಡದ್ದು ಸಿಟ್ಟಲ್ಲ, ಅಂಜಿಕೆ. ತಾನು ಹೂಂ ಅಂದು ನಾಳೆ ಊರಿಗೆ ಏನಾದರೂ ಆದರೆ ಎಂಬ ಅಂಜಿಕೆ. ಆಮೇಲೆ ಹೇಳಿದರು: "ನನ್ ಬಾಯಲ್ಲಿ ಅದು ಬರಾಕಿಲ್ಲ. ಈ ಬೀಗದ ಕೈ ನಂಗೆ ಕೊಟ್ಟೋರು ಸಾಹೇಬ್ರು. ಅವ್ರೇ ನಂಗೆ ಫೋನ್ ಮಾಡಿ, 'ತಿಪ್ಪೇರುದ್ರಪ್ಪ, ಬಾಣಂತೀನ ಅಲ್ಲಿ ಇಡಬ್ಯಾಡ, ಮನೆಗೆ ಕಳ್ಸು' ಅನ್ಲಿ. ಬೀಗ ಹಾಕಿ ಕೈ ವಾಪಸ್ ಕೊಡ್ತೀನಿ. ದೋಷ ಸರ್ಕಾರಕ್ಕೋಗ್ಲಿ. ದೇವ್ರ ಮುಂದೆ ಕುಂತು ಹೇಳ್ತಿದೀನಿ."

ಇದೀಗ ತಮಗೆ ಅರ್ಥವಾಗಿರಬೇಕು. ದೋಷ ಹೊರುವವರೊಬ್ಬರು ಬೇಕಾಗಿದೆ, ಅಷ್ಟೇ. ನಾನು ಹೊರುತ್ತೇನೆಂದರೆ ನನ್ನನ್ನು ನಂಬುವುದಿಲ್ಲ. ತಾವು ಹೊರಬಲ್ಲಿರಿ. ತಮಗೆ ಅದರ ಭಾರವೇ ತಿಳಿಯುವುದಿಲ್ಲ.

ಅಲ್ಲಿಂದ ಬಂದವಳೇ ತಮ್ಮ ಕಚೇರಿಗೆ ಫೋನ್ ಮಾಡಿದೆ, ಎತ್ತುವವರಿರಲಿಲ್ಲ, ಶನಿವಾರ. ಫಲಕದ ಮೇಲಿರುವ ತಮ್ಮ ನಂಬರಿಗೆ ಆರು ಸಲ ಮಾಡಿದೆ, ರಿಂಗ್ ಆಗಿ ಆಗಿ ನಿಂತಿತು. ಸಹಾಯವಾಣಿಯವರು ಸೋಮವಾರ ಲಿಖಿತ ಅರ್ಜಿ ತನ್ನಿ ಎಂದರು. ಪೊಲೀಸರು, ಹೊಡೆದಾಟ ಆಗಿದ್ದರೆ ಹೇಳಮ್ಮ ಎಂದರು.

ಈ ಪತ್ರವನ್ನು ನಡುವೆ ನಿಲ್ಲಿಸಿ ಈಗಷ್ಟೇ ಕಟ್ಟಡದವರೆಗೆ ಹೋಗಿ ಬಂದೆ. ಅತ್ತೆ ಸೀರೆ ಎತ್ತಿ ಕಟ್ಟಿಕೊಂಡು ಮೂಲೆ ಮೂಲೆ ಉಜ್ಜುತ್ತಿದ್ದರು. ಒಳಗೆ ಫಿನಾಯಿಲ್ ವಾಸನೆ.

"ಯಾಕೆ ಬಂದೆ, ಮಗು ಎದ್ದೀತು, ಹೋಗು."

"ಅತ್ತೆ, ನೆಲ ಮುಟ್ಟಿ ನೋಡ್ರಿ. ಹೆಂಗೆ ಕೊರೀತೈತೆ."

"ಎರಡು ಕಂಬಳಿ ಹಾಸ್ತೀನಿ. ಮೂರು ಹಾಸ್ತೀನಿ, ನಂದೂ ಕೊಡ್ತೀನಿ."

"ಕಂಬಳಿ ಅವುಚ್ಕಳಲ್ಲ ಅತ್ತೆ. ನೀವು ಅವುಚ್ಕಳ್ತೀರಾ?"

ಅವರು ಪೊರಕೆ ಬಿಡಲಿಲ್ಲ. ಬೆನ್ನು ತಿರುಗಿಸಿಕೊಂಡೇ ಹೇಳಿದರು, "ನಂಗೂ ಎರಡು ಹೋದ್ವು ಕಣೆ, ಹಿಂಗೇ, ಗುಡ್ಲಲ್ಲಿ. ನಿಮ್ ಮಾವಂಗೂ ಹೇಳಿಲ್ಲ ನಾನು ಎಷ್ಟು ಅತ್ತಿದೀನಿ ಅಂತ. ತಪ್ಪು ಅಂತ ಯಾರಾರ ದೊಡ್ಡೋರು ಆವಾಗ್ಲೇ ಹೇಳಿದ್ರೆ ನಾನೂ ಮುಟ್ತಿದ್ನೇನೋ. ಯಾರೂ ಹೇಳಲಿಲ್ಲ. ಈಗ ತಪ್ಪು ಅಂದ್ರೆ, ಆ ಎರಡೂ, ನಿಂದೂ, ನಾನೇ ಕೊಂದಂಗಾಗಲ್ವೇನೆ?"

ನಾನು ಮನೆಗೆ ಬಂದು ಈ ಪತ್ರವನ್ನು ಮತ್ತೆ ಕೈಗೆತ್ತಿಕೊಂಡೆ. ಆ ಹೆಂಗಸನ್ನು ಜೈಲಿಗೆ ಹಾಕಿ ಎಂದು ನಾನು ಕೇಳುತ್ತಿಲ್ಲ ಎನ್ನುವುದು ಈಗಲಾದರೂ ತಮಗೆ ತಿಳಿಯಲಿ. ತಪ್ಪು ಎಂದು ಹೇಳಬೇಕಾದ ದೊಡ್ಡವರು ಹೇಳಲಿ ಎಂದು ಕೇಳುತ್ತಿದ್ದೇನೆ. ಕಟ್ಟಡಕ್ಕೆ ಬೀಗ ಹಾಕಿಸಿ. ಇದು ಮಾನವ ಹಕ್ಕಿನ ಉಲ್ಲಂಘನೆ ಎಂದು ತಮ್ಮ ಕಚೇರಿಯ ಕಾಗದದ ಮೇಲೆ, ತಮ್ಮ ಸಹಿಯೊಂದಿಗೆ ಬರೆಯಿಸಿ, ಇಂಥ ಫಲಕವಿರುವ ಪ್ರತಿ ಹಟ್ಟಿಗೂ ಕಳಿಸಿ. ಅದಕ್ಕೆ ಸೋಮವಾರ ಸಾಕು, ತಿಂಗಳಾದರೂ ಸರಿ, ಕಾಯುತ್ತೇನೆ.

ಫೋನಿಗೆ ಮಾತ್ರ ಕಾಯಲು ಆಗುವುದಿಲ್ಲ. ತಿಪ್ಪೇರುದ್ರಪ್ಪ ಐದು ಗಂಟೆಗೆ ಸ್ನಾನ ಮಾಡಿ ಮಡಿ ಉಟ್ಟರೆಂದರೆ ಪೂಜೆ ಮುಗಿಯುವ ಹತ್ತರವರೆಗೆ ಫೋನ್ ಮುಟ್ಟುವುದಿಲ್ಲ. ಮಾರುತೇಶನ ಆಟೋ ಒಂಬತ್ತಕ್ಕೆಲ್ಲ ಪಕ್ಕದೂರು ಹರಿಯಬ್ಬೆ ದಾಟಿ ಬಂದುಬಿಡುತ್ತದೆ. ಈಗ ಮೂರೂವರೆ. ಈ ಪತ್ರವನ್ನು ನನ್ನ ಕಾಲೇಜಿನ ಗೆಳತಿಯರಿಗೆ, ಮೇಷ್ಟ್ರುಗಳಿಗೆ, ಪತ್ರಿಕೆಯವರಿಗೆ, ಪರಿಚಯ ಇರುವ ಪ್ರತಿ ವಾಟ್ಸಾಪ್ ಗುಂಪಿಗೆ ಹಾಕುತ್ತಿದ್ದೇನೆ. ಸಾಹೇಬರ ಮನೆ ಗೊತ್ತಿರುವವರು ಯಾರಾದರೂ ಇದ್ದರೆ ದಯವಿಟ್ಟು ಹೋಗಿ ಬಾಗಿಲು ಬಡಿಯಿರಿ. ಬೈದರೆ ನನ್ನ ಹೆಸರು ಹೇಳಿ.

ಮಾನ್ಯರೇ, ಪೂಜಾರಿಯ ನಂಬರ್ ತಾವು ಸಹಿ ಮಾಡಿಸಿಕೊಂಡ ಆ ಪುಸ್ತಕದಲ್ಲೇ ಇದೆ. ಸಿಗದಿದ್ದರೆ ನನಗೆ ಮಾಡಿ, ನಿನ್ನೆ ತಮಗೆ ಆರು ಸಲ ಕರೆ ಬಂದ ನಂಬರ್ ನನ್ನದೇ, ನಾನು ಓಡಿಹೋಗಿ ಅವರ ಕೈಗೆ ಕೊಡುತ್ತೇನೆ. ಉದ್ದ ಮಾತು ಬೇಡ. ಕಾನೂನು ವಿವರಿಸಬೇಡಿ, ಕಾರಣವನ್ನೂ ಹೇಳಬೇಡಿ. 'ಮನೆಗೆ ಕಳಿಸು' ಎರಡೇ ಮಾತು. ನಿದ್ದೆಗಣ್ಣಿನಲ್ಲಿ ಹೇಳಿದರೂ ಸಾಕು, ಗದರಿಸಿ ಹೇಳಿದರೂ ಸಾಕು. ಐದರೊಳಗೆ ಹೇಳಿ. ಕಾಲು ಹಿಡಿದು ಕೇಳುತ್ತೇನೆ, ಬೆಳಗಾಗುವ ಮೊದಲು ಒಂದು ಫೋನ್ ಮಾಡಿ.

ಇಂತಿ,
ಸಣ್ಣದಾಗಿ ಕೇಳಿ ಕೆಟ್ಟ ತಾಯಿ,
ಶಾಂತಿ, ಬಿ.ಎ.
ಹಿರಿಯೂರು ತಾಲ್ಲೂಕು